ಮಧ್ಯಾಹ್ನ ಮೂರು ಗಂಟೆಗೆ ಮಗು ಯಾರ ಕೈಯಲ್ಲಿರುತ್ತೆ?

ಪ್ರಶ್ನೆ: ನಾವು ಬೆಂಗಳೂರಿನ ವಿದ್ಯಾರಣ್ಯಪುರದಲ್ಲಿದ್ದೇವೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಮಗಳಿಗೆ ಈಗ ಎರಡು ವರ್ಷ ನಾಲ್ಕು ತಿಂಗಳು, ಫೆಬ್ರವರಿಯಲ್ಲಿ ಹುಟ್ಟಿದವಳು. ಇಷ್ಟು ದಿನ ಅತ್ತೆ ನೋಡಿಕೊಳ್ಳುತ್ತಿದ್ದರು. ಅವರಿಗೆ ಮಂಡಿನೋವು ಜಾಸ್ತಿಯಾಗಿದೆ. ಹಾಸನದ ಹತ್ತಿರ ಊರಲ್ಲಿ ಮಾವ ಒಬ್ಬರೇ ಇದ್ದಾರೆ, ಹಾಗಾಗಿ ಇನ್ನೊಂದು ತಿಂಗಳಲ್ಲಿ ಹೊರಡುತ್ತೇನೆ ಅಂದಿದ್ದಾರೆ. "ಪುಟ್ಟೀನ ನನ್ನ ಜೊತೆ ಕಳಿಸಿ, ಒಂದು ವರ್ಷ ನಾನೇ ನೋಡ್ಕೋತೀನಿ" ಅನ್ನುತ್ತಾರೆ. ಮನೆ ಹತ್ತಿರ ದೊಡ್ಡ ಹೆಸರಿನ ಪ್ಲೇ ಸ್ಕೂಲ್ ಇದೆ. ಬೆಳಗ್ಗೆ ಕ್ಲಾಸು, ಮಧ್ಯಾಹ್ನದಿಂದ ಸಂಜೆ ಆರೂವರೆವರೆಗೆ ಡೇ ಕೇರ್. ಫೋನಿನಲ್ಲೇ ಸಿಸಿಟಿವಿ ನೋಡಬಹುದಂತೆ. ಫೋನಿಕ್ಸ್ (ಅಕ್ಷರದ ಸದ್ದು ಹಿಡಿದು ಇಂಗ್ಲಿಷ್ ಓದಿಸುವುದು), ಅಬಾಕಸ್ (ಮಣಿಗಳಲ್ಲಿ ಲೆಕ್ಕ ಕಲಿಸುವುದು) ಎಲ್ಲ ಇದೆ. "ಈಗಲೇ ಸೇರಿಸದಿದ್ದರೆ ಮುಂದಿನ ವರ್ಷ ನರ್ಸರಿಗೆ ಸೀಟು ಕಷ್ಟ, ಮೂರು ವರ್ಷದೊಳಗೇ ಮೆದುಳು ಬೆಳೆಯೋದು" ಅಂತ ಅಲ್ಲಿನವರು ಹೇಳುತ್ತಿದ್ದಾರೆ. ನನ್ನ ಆಫೀಸ್ ವೈಟ್‌ಫೀಲ್ಡ್‌ನಲ್ಲಿದೆ, ಅಲ್ಲೂ ನೌಕರರ ಮಕ್ಕಳನ್ನು ನೋಡಿಕೊಳ್ಳುವ ಕ್ರೆಶ್ ಇದೆ. ಅಕ್ಕ ಹೇಳುವುದು ಮನೆಗೇ ಒಬ್ಬ ಹೆಂಗಸನ್ನು ಇಟ್ಟುಕೋ ಅಂತ. ಪಕ್ಕದ ಬೀದಿಯಲ್ಲಿ ಅಂಗನವಾಡಿಯೂ ಇದೆ, ಆದರೆ ಮನೆಯಲ್ಲಿ ಯಾರೂ ಒಪ್ಪುವುದಿಲ್ಲ. ಮಗಳು ಕನ್ನಡದಲ್ಲಿ ಸಣ್ಣ ಸಣ್ಣ ವಾಕ್ಯ ಮಾತಾಡುತ್ತಾಳೆ, ಇಂಗ್ಲಿಷ್ ಬರುವುದಿಲ್ಲ. ಇನ್ನೂ ಡೈಪರ್ ಬಿಟ್ಟಿಲ್ಲ. ನಾನು ಕಣ್ಮರೆಯಾದರೆ ಅಳುತ್ತಾಳೆ. ಇಷ್ಟು ಚಿಕ್ಕ ಮಗೂನ ಬಿಟ್ಟು ಹೋಗ್ತೀಯಾ ಅಂತ ನೆಂಟರು ಕೇಳಿದಾಗ ನನಗೂ ಅಳು ಬರುತ್ತದೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಒಂದರೊಳಗೊಂದು ಸೇರಿಕೊಂಡಿವೆ. ಮಗಳು ಕಲಿಕೆಯಲ್ಲಿ ಹಿಂದೆ ಬೀಳುತ್ತಾಳಾ ಅನ್ನುವುದು ಒಂದು. ಬೆಳಗ್ಗೆಯಿಂದ ಸಂಜೆವರೆಗೆ ಅವಳು ಯಾರ ಕೈಯಲ್ಲಿರುತ್ತಾಳೆ ಅನ್ನುವುದು ಇನ್ನೊಂದು. ಪ್ಲೇ ಸ್ಕೂಲಿನವರು ಮೊದಲನೆಯದನ್ನು ತೋರಿಸಿ ಹೆದರಿಸುತ್ತಿದ್ದಾರೆ. ನಿಮಗೆ ಈಗ ಉತ್ತರ ಬೇಕಿರುವುದು ಎರಡನೆಯದಕ್ಕೆ.

ಮೊದಲನೆಯದನ್ನು ಬೇಗ ಮುಗಿಸಿಬಿಡೋಣ. ಕರ್ನಾಟಕದಲ್ಲಿ ಒಂದನೇ ತರಗತಿಗೆ ಸೇರಲು ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಅನ್ನುವುದು ನಿಯಮ. 2025-26ರಲ್ಲಿ ಪೋಷಕರು ಗಲಾಟೆ ಮಾಡಿದ ಮೇಲೆ ಸರ್ಕಾರ ಆ ಸಾಲಿಗೆ ಮಾತ್ರ ಅಂತ ಐದು ವರ್ಷ ಐದು ತಿಂಗಳಿಗೆ ಸಡಿಲಿಸಿತ್ತು. ನಿಮ್ಮ ಮಗಳು ಫೆಬ್ರವರಿಯವಳು. ಅಂದರೆ ಬರುವ ವರ್ಷ ಜೂನ್‌ಗೆ ಮೂರು ವರ್ಷ ದಾಟಿರುತ್ತೆ, ನರ್ಸರಿ. ಅದರ ಮುಂದಿನ ವರ್ಷ ಎಲ್‌ಕೆಜಿ, ಆಮೇಲೆ ಯುಕೆಜಿ, ಆರು ವರ್ಷ ಮೂರು ತಿಂಗಳಿಗೆ ಒಂದನೇ ತರಗತಿ. ಒಂದು ವರ್ಷ ಮೊದಲೇ ಒಂದನೇ ತರಗತಿಗೆ ಸೇರಿಸೋಣ ಅಂದರೂ ಆಗ ಐದು ವರ್ಷ ಮೂರು ತಿಂಗಳಷ್ಟೇ. ಆ ಸಡಿಲಿಕೆಯ ಲೆಕ್ಕದಲ್ಲೂ ಸೀಟು ಸಿಗುತ್ತಿರಲಿಲ್ಲ. ಹಾಗಾಗಿ ಈಗ ಪ್ರೀ ನರ್ಸರಿಗೆ ಸೇರಿಸಿ ಉಳಿಸುವ ಸಮಯ ಅಂತ ಏನೂ ಇಲ್ಲ. ಇದರ ಜೊತೆಗೆ, ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಖಾಸಗಿ ಪ್ಲೇ ಸ್ಕೂಲುಗಳಿಗೆ ಕೊಟ್ಟಿರುವ ಮಾರ್ಗಸೂಚಿಯಲ್ಲಿ ಮೂರು ವರ್ಷ ತುಂಬದ ಮಗುವನ್ನು ಸೇರಿಸಿಕೊಳ್ಳಬಾರದು ಅಂತಲೇ ಇದೆ. ದಿನಕ್ಕೆ ಮೂರು ನಾಲ್ಕು ಗಂಟೆಗಿಂತ ಹೆಚ್ಚು ನಡೆಸಬಾರದು ಅಂತಲೂ ಇದೆ. ಇದು ನಿಮಗೆ "ಈಗಲೇ ಸೇರಿಸಿ" ಅಂದವರಿಗೆ ಗೊತ್ತಿಲ್ಲದ್ದೇನಲ್ಲ.

ಮೆದುಳಿನ ಮಾತು ಅರ್ಧ ನಿಜ. ಆರು ವರ್ಷದೊಳಗೆ ಮೆದುಳಿನ ಬೆಳವಣಿಗೆಯ ಶೇಕಡ 85ಕ್ಕಿಂತ ಹೆಚ್ಚು ಆಗಿಬಿಡುತ್ತದೆ ಅಂತ 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಹೇಳುತ್ತದೆ. ಅದನ್ನು ಹಿಡಿದು ಕರಪತ್ರ ಮಾಡುವವರು ಒಂದು ವಿಷಯ ಬಿಟ್ಟುಬಿಡುತ್ತಾರೆ. ಆ ಬೆಳವಣಿಗೆ ಆಗುವುದು ಯಾವುದರಿಂದ? ಮಗು ಏನೋ ಒಂದು ಅಂದಾಗ ಹತ್ತಿರದವರು ತಿರುಗಿ ನೋಡಿ ಮಾತಾಡುವುದರಿಂದ. ಹತ್ತುವುದು, ಸುರಿಯುವುದು, ಹರಿಯುವುದು, ಬೀಳಿಸುವುದರಿಂದ. ಹೊಟ್ಟೆ ತುಂಬ ಊಟ, ಕಣ್ತುಂಬ ನಿದ್ದೆಯಿಂದ. ಫ್ಲ್ಯಾಶ್ ಕಾರ್ಡ್ ತೋರಿಸಿ "ದಿಸ್ ಈಸ್ ರೈನೋಸರಸ್" ಅಂತ ಹೇಳಿಸುವುದರಿಂದ ಅಲ್ಲ. ಎರಡೂವರೆ ವರ್ಷದವಳಿಗೆ ಅಬಾಕಸ್ ಅಂದರೆ ಬಣ್ಣದ ಮಣಿ, ಅಷ್ಟೇ. ಆಡಿಕೊಳ್ಳಲಿ ಬಿಡಿ, ಆದರೆ ಅದಕ್ಕೆ ಬೇರೆ ಫೀಸು ಕಟ್ಟಬೇಡಿ.

ಬರವಣಿಗೆ ಬಗ್ಗೆ ಒಂದು ಮಾತು, ಯಾಕೆಂದರೆ ಇದನ್ನು ಪೋಷಕರು ನನ್ನ ಹತ್ತಿರ ಪದೇ ಪದೇ ಕೇಳುತ್ತಾರೆ. ನಮ್ಮ ಮಣಿಕಟ್ಟಿನಲ್ಲಿ ಎಂಟು ಪುಟ್ಟ ಮೂಳೆಗಳಿವೆ. ಹುಟ್ಟಿದಾಗ ಅವು ಮೂಳೆಯೇ ಆಗಿರುವುದಿಲ್ಲ, ಮೆತ್ತಗಿನ ಮೃದ್ವಸ್ಥಿ. ಒಂದೊಂದಾಗಿ ಗಟ್ಟಿಯಾಗುತ್ತಾ ಬರುತ್ತವೆ. ನಿಮ್ಮ ಮಗಳ ವಯಸ್ಸಿಗೆ ಎರಡೋ ಮೂರೋ ಗಟ್ಟಿಯಾಗಲು ಶುರುವಾಗಿರುತ್ತವೆ. ಆ ಕೈಗೆ ಪೆನ್ಸಿಲ್ ಕೊಟ್ಟು ಸಾಲಿನೊಳಗೆ "ಎ" ಬರೆಸುವವರಿಗೆ ಮಕ್ಕಳ ಕೈ ಬಗ್ಗೆ ತಿಳಿದಿಲ್ಲ. ಚಪಾತಿ ಹಿಟ್ಟು ನಾದುವುದು, ಬಟಾಣಿ ಸುಲಿಯುವುದು, ಗೋಡೆಯಷ್ಟು ದೊಡ್ಡ ಹಾಳೆ ಮೇಲೆ ಗೀಚುವುದು ಈಗಿನ ಕೈಗೆ ಸರಿಯಾದ ಕೆಲಸ.

ಇಂಗ್ಲಿಷ್ ಬಗ್ಗೆ ಚಿಂತೆ ಬೇಡ. ಮಗಳು ಎರಡು ಮೂರು ಪದ ಜೋಡಿಸಿ ಕನ್ನಡದಲ್ಲಿ ಹೇಳುತ್ತಿದ್ದಾಳೆ ಅಂದರೆ ಈ ವಯಸ್ಸಿಗೆ ಭಾಷೆ ಸರಿಯಾಗಿಯೇ ಬೆಳೆಯುತ್ತಿದೆ. ಎರಡು ವರ್ಷ ದಾಟಿದರೂ "ಅಮ್ಮ ಬಾ", "ನೀರು ಬೇಕು" ಅಂತ ಎರಡು ಪದ ಸೇರಿಸದಿದ್ದರೆ ನಾನೇ ನಿಮ್ಮನ್ನು ಮಕ್ಕಳ ಡಾಕ್ಟರ ಹತ್ತಿರ, ಬೇಕಾದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೂ ಕಳಿಸುತ್ತಿದ್ದೆ. ನಿಮ್ಮ ಮಗಳಿಗೆ ಅದು ಬೇಕಿಲ್ಲ. ಎರಡು ಭಾಷೆ ಕಿವಿಗೆ ಬಿದ್ದರೆ ಮಾತು ತಡವಾಗುತ್ತೆ ಅನ್ನುವುದೂ ಸುಳ್ಳು, ಮನೆಯಲ್ಲಿ ಕನ್ನಡ ಬಿಟ್ಟು ಇಂಗ್ಲಿಷ್ ಮಾತಾಡಿದರೆ ಶಾಲೆಗೆ ಅನುಕೂಲ ಅನ್ನುವುದೂ ಸುಳ್ಳು. ನಿಮ್ಮ ಮನೆ ಭಾಷೆಯಲ್ಲಿ ಜಾಸ್ತಿ ಮಾತಾಡಿ, ಕಥೆ ಹೇಳಿ. ಒಂದು ಭಾಷೆಯಲ್ಲಿ ಮಾತು ಚೆನ್ನಾಗಿ ಬೆಳೆದ ಮಗುವಿಗೆ ಇನ್ನೊಂದು ಭಾಷೆ ಹಿಡಿಯುವುದು ಕಷ್ಟವಲ್ಲ.

ಇನ್ನು ನೆಂಟರ ಮಾತು. ಅಮೆರಿಕದಲ್ಲಿ 1991ರಲ್ಲಿ ಶುರುವಾದ ಒಂದು ದೊಡ್ಡ ಅಧ್ಯಯನದಲ್ಲಿ 1,300ಕ್ಕೂ ಹೆಚ್ಚು ಮಕ್ಕಳನ್ನು ಹುಟ್ಟಿನಿಂದ ಹದಿಹರೆಯದವರೆಗೆ ಗಮನಿಸಿದರು. ಬೇರೆಯವರ ಹತ್ತಿರ ಬಿಟ್ಟಿದ್ದಾರೆ ಅನ್ನುವ ಒಂದೇ ಕಾರಣಕ್ಕೆ ತಾಯಿ ಮಗುವಿನ ನಂಟು ಸಡಿಲವಾಗಲಿಲ್ಲ. ಮಗುವಿನ ಬೆಳವಣಿಗೆಗೆ ಡೇ ಕೇರ್‌ಗಿಂತ ಮನೆಯಲ್ಲಿ ಅಪ್ಪ ಅಮ್ಮ ಹೇಗಿದ್ದಾರೆ ಅನ್ನುವುದೇ ಹೆಚ್ಚು ಮುಖ್ಯ ಅಂತ ಕಂಡುಬಂತು. ಆದರೆ ಇನ್ನೆರಡು ವಿಷಯಗಳೂ ಅಲ್ಲಿ ಕಂಡವು, ಅವನ್ನು ಮುಚ್ಚಿಡುವುದು ಸರಿಯಲ್ಲ. ನೋಡಿಕೊಳ್ಳುವವರು ಒಳ್ಳೆಯವರಿದ್ದ ಕಡೆ ಮಕ್ಕಳ ಮಾತು, ಬುದ್ಧಿ ಸ್ವಲ್ಪ ಮುಂದಿತ್ತು. ತೀರಾ ಜಾಸ್ತಿ ಗಂಟೆ ಹೊರಗೆ ಕಳೆದ ಮಕ್ಕಳಲ್ಲಿ ಹಟ, ಜಗಳ ಸ್ವಲ್ಪ ಹೆಚ್ಚಿತ್ತು. ಅಂದರೆ ಬಿಟ್ಟು ಹೋಗುವುದು ತಪ್ಪಲ್ಲ. ಯಾರ ಹತ್ತಿರ, ಎಷ್ಟು ಹೊತ್ತು ಅನ್ನುವುದನ್ನು ನೋಡಿಕೊಳ್ಳಬೇಕು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಯಾರ ಹತ್ತಿರ?

ಡೇ ಕೇರ್, ಪ್ಲೇ ಸ್ಕೂಲುಗಳಲ್ಲಿ ಕೆಲಸ ಮಾಡುವವರಿಗೆ ತರಬೇತಿ ಕೊಡುವುದು ನನ್ನ ಕೆಲಸ. ಅಡ್ಮಿಷನ್‌ಗೆ ಬರುವ ಪೋಷಕರು ಏನೇನು ನೋಡುತ್ತಾರೆ ಅಂತ ವರ್ಷಗಳಿಂದ ನೋಡಿದ್ದೇನೆ. ಗೋಡೆ ಚಿತ್ರ ನೋಡುತ್ತಾರೆ, ಜಾರುಬಂಡೆ ನೋಡುತ್ತಾರೆ, ಮೇಡಂ ಇಂಗ್ಲಿಷ್ ನೋಡುತ್ತಾರೆ, ಸಿಲಬಸ್ ಕೇಳುತ್ತಾರೆ. ಆಯಾ ಯಾರು, ಅವರ ಹೆಸರೇನು ಅಂತ ಕೇಳುವವರು ತೀರಾ ಕಡಿಮೆ. ಆದರೆ ನಿಮ್ಮ ಮಗಳ ದಿನದ ಬಹುಪಾಲು ಕಳೆಯುವುದು ಆಯಾ ಜೊತೆ. ಡೈಪರ್ ಬದಲಿಸುವವರು ಅವರು, ಊಟ ಮಾಡಿಸುವವರು ಅವರು, ತಟ್ಟಿ ಮಲಗಿಸುವವರು ಅವರು, ಎದ್ದು ಅತ್ತಾಗ ಮೊದಲು ಕಾಣುವ ಮುಖವೂ ಅವರದೇ. ಟೀಚರ್ ಹನ್ನೆರಡೂವರೆಗೋ ಒಂದು ಗಂಟೆಗೋ ಮನೆಗೆ ಹೋಗಿಬಿಡುತ್ತಾರೆ. ಬೆಳಗಿನ ಪ್ಲೇ ಸ್ಕೂಲಿಗೆ ಮಧ್ಯಾಹ್ನದ ಡೇ ಕೇರ್ ಅಂಟಿಸಿಕೊಂಡ ಎಷ್ಟೋ ಕಡೆ ಒಂದು ಗಂಟೆಯ ನಂತರ ಕಟ್ಟಡ ಅದೇ, ಬೋರ್ಡು ಅದೇ, ಒಳಗಿನ ವ್ಯವಸ್ಥೆ ಮಾತ್ರ ಬೇರೆಯೇ. ಒಂದೂವರೆ ವರ್ಷದವರಿಂದ ಎಂಟು ವರ್ಷದವರವರೆಗೆ ಎಲ್ಲರೂ ಒಂದೇ ಕೋಣೆಯಲ್ಲಿ, ಮೂಲೆಯಲ್ಲಿ ಟಿವಿ, ಇಬ್ಬರು ಆಯಾ.

ಯಾಕೆ ಹೀಗಾಗುತ್ತೆ ಅಂತ ತಿಳಿದರೆ ಆಯ್ಕೆ ಸುಲಭವಾಗುತ್ತೆ. ನೀವು ಕಟ್ಟುವ ಫೀಸಿನಲ್ಲಿ ದೊಡ್ಡ ಪಾಲು ಕಟ್ಟಡದ ಬಾಡಿಗೆಗೆ ಹೋಗುತ್ತೆ. ಹೆಸರಿಗಾಗಿ ಫ್ರಾಂಚೈಸಿ ತೆಗೆದುಕೊಂಡಿದ್ದರೆ ಆ ಕಂಪನಿಗೂ ಪಾಲು ಹೋಗಬೇಕು. ಉಳಿದದ್ದರಲ್ಲಿ ಸಂಬಳ. ಮಕ್ಕಳ ಜೊತೆ ಅತಿ ಹೆಚ್ಚು ಹೊತ್ತು ಇರುವ ಆಯಾಗೆ ಅತಿ ಕಡಿಮೆ. ಪಕ್ಕದ ಅಪಾರ್ಟ್‌ಮೆಂಟಿನಲ್ಲಿ ಸಾವಿರ ರೂಪಾಯಿ ಜಾಸ್ತಿ ಸಿಕ್ಕರೆ ಅವರು ಹೋಗಿಬಿಡುತ್ತಾರೆ, ಹೋಗಲೇಬೇಕಲ್ವಾ? ಹೊಸಬರು ಬರುತ್ತಾರೆ. ಮಗು ಒಬ್ಬರಿಗೆ ಹೊಂದಿಕೊಂಡಿತು ಅನ್ನುವಷ್ಟರಲ್ಲಿ ಮುಖ ಬದಲಾಗಿರುತ್ತೆ. ಎರಡು ಮೂರು ವರ್ಷದ ಮಗುವಿಗೆ ಜಾಗ ಬದಲಾಗುವುದಕ್ಕಿಂತ ಇದು ಹೆಚ್ಚು ಕಷ್ಟ ಕೊಡುತ್ತೆ.

ಹಾಗಾಗಿ ನೀವು ಕೇಳಬೇಕಾದ ಮೊದಲ ಪ್ರಶ್ನೆ ಸಿಲಬಸ್ ಯಾವುದು ಅಂತಲ್ಲ. "ನನ್ನ ಮಗಳನ್ನು ನೋಡಿಕೊಳ್ಳುವವರು ಯಾರು, ಅವರು ಇಲ್ಲಿಗೆ ಬಂದು ಎಷ್ಟು ದಿನ ಆಯ್ತು, ಅವರ ಜೊತೆ ಐದು ನಿಮಿಷ ಮಾತಾಡಬಹುದಾ?" ಅಂತ ಕೇಳಿ. ಎರಡು ವರ್ಷದಿಂದ ಇದ್ದಾರೆ ಅಂದರೆ ಬಹಳ ಒಳ್ಳೆಯ ಲಕ್ಷಣ. ಆಮೇಲೆ ಅವರ ಕೈಕೆಳಗೆ ಎಷ್ಟು ಮಕ್ಕಳು ಅಂತ ಕೇಳಿ. ಇಂಗ್ಲೆಂಡಿನಲ್ಲಿ ಎರಡು ವರ್ಷದ ಐದು ಮಕ್ಕಳಿಗೆ ಒಬ್ಬರು ಇರಲೇಬೇಕು. ನಾನು ಮೇಲೆ ಹೇಳಿದ ಆಯೋಗದ ಮಾರ್ಗಸೂಚಿಯಲ್ಲಿ ಇಪ್ಪತ್ತು ಮಕ್ಕಳಿಗೆ ಒಬ್ಬ ಟೀಚರ್, ಒಬ್ಬ ಆಯಾ ಅಂತಿದೆ. ಆದರೆ ಅದು ಮೂರು ವರ್ಷ ದಾಟಿದವರ ಮೂರು ನಾಲ್ಕು ಗಂಟೆಯ ಲೆಕ್ಕ. ಇಡೀ ದಿನ ಇರುವ, ಡೈಪರ್ ಹಾಕುವ ಮಕ್ಕಳಿಗೆ ಅದು ಸಾಲುವುದಿಲ್ಲ. ಒಬ್ಬರಿಗೆ ಆರು ಮಕ್ಕಳವರೆಗೆ ನಾನು ಒಪ್ಪುತ್ತೇನೆ. ಎಂಟು ಅಂದರೆ ಯೋಚನೆ ಮಾಡಿ. ಹತ್ತು ಅಂದರೆ ಬೇರೆ ಕಡೆ ಹುಡುಕಿ.

ನೋಡಲು ಹೋಗುವ ಸಮಯವೂ ಮುಖ್ಯ. ಅವರು ಬೆಳಗ್ಗೆ ಹತ್ತಕ್ಕೆ ಬನ್ನಿ ಅನ್ನುತ್ತಾರೆ. ಆಗ ಎಲ್ಲ ಚೆನ್ನಾಗಿಯೇ ಇರುತ್ತೆ. ನೀವು ಒಮ್ಮೆ ಹನ್ನೆರಡೂವರೆಗೆ, ಇನ್ನೊಮ್ಮೆ ಮಧ್ಯಾಹ್ನ ಮೂರು ಗಂಟೆಗೆ, ಹೇಳದೆ ಹೋಗಿ. "ಮಕ್ಕಳು ಮಲಗಿರುತ್ತಾರೆ, ಈಗ ಬಿಡಲ್ಲ" ಅಂದರೆ, "ನಾನು ಚಪ್ಪಲಿ ಬಿಟ್ಟು ಬಾಗಿಲಲ್ಲೇ ನಿಂತು ನೋಡ್ತೀನಿ" ಅನ್ನಿ. ಅಷ್ಟಕ್ಕೂ ಒಪ್ಪದ ಕಡೆ ಸೇರಿಸಬೇಡಿ.

ಊಟದ ಹೊತ್ತಿಗೆ ಹೋದರೆ ಏನು ನೋಡಬೇಕು ಅಂತ ಹೇಳುತ್ತೇನೆ. ಅನ್ನ ಸಾರು ಕಲಸಿ ತಟ್ಟೆಯನ್ನು ಮಗುವಿನ ಮುಂದಿಟ್ಟಿದ್ದಾರಾ, ಇಲ್ಲ ನಾಲ್ಕು ಮಕ್ಕಳನ್ನು ಸಾಲಾಗಿ ಕೂರಿಸಿ ಒಂದೇ ಚಮಚದಲ್ಲಿ ಬೇಗ ಬೇಗ ತುರುಕುತ್ತಿದ್ದಾರಾ? ಮಗು ಬಾಯಿ ತಿರುಗಿಸಿದರೆ ಒಂದು ನಿಮಿಷ ಕಾಯುತ್ತಾರಾ, ಇಲ್ಲ ಗಲ್ಲ ಹಿಡಿಯುತ್ತಾರಾ? ನೆಲಕ್ಕೆ ಅನ್ನ ಚೆಲ್ಲಿದ್ದರೆ ಬೇಜಾರು ಮಾಡಿಕೊಳ್ಳಬೇಡಿ, ಮಕ್ಕಳು ತಾವೇ ತಿನ್ನುತ್ತಿದ್ದಾರೆ ಅಂತ ಅರ್ಥ. ಡೈಪರ್ ಬದಲಿಸುವಾಗ ಆಯಾ ಮಗುವಿನ ಮುಖ ನೋಡಿ ಮಾತಾಡುತ್ತಾರಾ? "ಬಾ ಚಿನ್ನ, ಒದ್ದೆ ಆಗಿದೆಯಲ್ಲ, ಕಾಲು ಎತ್ತು" ಅಂತ ಒಂದು ಮಾತು ಇದ್ದರೆ ಸಾಕು. ಕೈ ತೊಳೆಯುತ್ತಾರಾ ನೋಡಿ. ಮೂರು ಗಂಟೆಗೆ ಹೋದರೆ ನಿದ್ದೆಯ ಕೋಣೆ ನೋಡಿ. ಎಲ್ಲ ಮಕ್ಕಳೂ ಒಂದೇ ಹೊತ್ತಿಗೆ ಕಡ್ಡಾಯವಾಗಿ ಮಲಗಿರಲೇಬೇಕು ಅನ್ನುವ ಕಡೆ, ನಿದ್ದೆ ಬಾರದ ಮಗು ಗದರಿಕೆಗೆ ಹೆದರಿ ಸುಮ್ನೆ ಕಣ್ಣು ಮುಚ್ಚಿ ಬಿದ್ದುಕೊಂಡಿರುತ್ತೆ. ನಿದ್ದೆ ಬಾರದವರಿಗೆ ಮೂಲೆಯಲ್ಲಿ ಆಡಲು ಏನಾದರೂ ಇದೆಯಾ? ಮಕ್ಕಳು ಮಲಗಿರುವಾಗ ಒಬ್ಬರಾದರೂ ಎಚ್ಚರವಾಗಿ ಅದೇ ಕೋಣೆಯಲ್ಲಿರಬೇಕು. ಟಿವಿ ಎಷ್ಟು ಹೊತ್ತು ಅಂತ ನೇರವಾಗಿ ಕೇಳಿ. ಎರಡರಿಂದ ಐದು ವರ್ಷದವರಿಗೆ ದಿನಕ್ಕೆ ಎಲ್ಲ ಸೇರಿ ಒಂದು ಗಂಟೆಗಿಂತ ಜಾಸ್ತಿ ಬೇಡ ಅಂತ ಮಕ್ಕಳ ತಜ್ಞರ ಸಂಘವೇ ಹೇಳಿದೆ. ಆ ಒಂದು ಗಂಟೆಯನ್ನು ಡೇ ಕೇರ್‌ನಲ್ಲಿ ಖರ್ಚು ಮಾಡುವುದು ಬೇಕಾ?

ಸುರಕ್ಷತೆಯ ಬಗ್ಗೆ ಉದ್ದಕ್ಕೆ ಬರೆಯುವುದಿಲ್ಲ. ಗೇಟಿಗೆ ಚಿಲಕ, ಕಿಟಕಿಗೆ ಗ್ರಿಲ್, ಕೈಗೆಟುಕುವ ಪ್ಲಗ್ ಇಲ್ಲದಿರುವುದು, ಬಚ್ಚಲಲ್ಲಿ ತುಂಬಿದ ಬಕೆಟ್ ಇಡದಿರುವುದು, ಮಕ್ಕಳ ಕೈಗೆ ಇಡೀ ಕಡಲೆಬೀಜ, ದ್ರಾಕ್ಷಿ ಕೊಡದಿರುವುದು. ಮಗುವನ್ನು ಕರೆದೊಯ್ಯಲು ಯಾರು ಬರಬಹುದು ಅಂತ ಬರೆದಿಟ್ಟುಕೊಂಡಿರಬೇಕು. ಸಿಬ್ಬಂದಿಯ ಪೊಲೀಸ್ ಪರಿಶೀಲನೆ ಆಗಿದೆಯಾ ಕೇಳಿ.

ಸಿಸಿಟಿವಿ ಇದ್ದರೆ ಒಳ್ಳೆಯದು, ಆದರೆ ಅದನ್ನೇ ನಂಬಬೇಡಿ. ಹೊಡೆದರೆ ಕಾಣುತ್ತೆ. ಗದರಿದರೆ ಕೇಳಿಸುವುದಿಲ್ಲ, ಮಾತೇ ಆಡಿಸದೆ ಕೂರಿಸಿದರೆ ಗೊತ್ತಾಗುವುದಿಲ್ಲ. ಎಲ್ಲ ಪೋಷಕರಿಗೂ ಲಿಂಕ್ ಕೊಟ್ಟಿದ್ದಾರೆ ಅಂದರೆ ನಿಮ್ಮ ಮಗಳನ್ನು ಗುರುತಿಲ್ಲದವರೂ ನೋಡುತ್ತಿರುತ್ತಾರೆ ಅನ್ನುವುದೂ ನೆನಪಿರಲಿ. ಆಫೀಸಿನಲ್ಲಿ ಮೀಟಿಂಗ್ ಮಧ್ಯೆ ಮಗು ಅಳುವುದನ್ನು ಫೋನಿನಲ್ಲಿ ನೋಡಿದರೆ ನೀವು ಮಾಡುವುದಾದರೂ ಏನು? ಸಂಕಟ ಅಷ್ಟೇ. ದಿನಕ್ಕೊಂದು ಸಲ ನೋಡಿ, ಸಾಕು.

ನಿಮ್ಮ ಮುಂದಿರುವ ದಾರಿಗಳನ್ನು ಇದೇ ಲೆಕ್ಕದಲ್ಲಿ ನೋಡೋಣ.

ಮನೆ ಹತ್ತಿರದ ಪ್ಲೇ ಸ್ಕೂಲಿನಲ್ಲಿ ಪ್ರಯಾಣ ಇಲ್ಲ, ಅದು ದೊಡ್ಡ ಲಾಭ. ಮಧ್ಯಾಹ್ನದ ಪಾಳಿ ಸರಿಯಿದ್ದರೆ, ಆಯಾ ಹಳಬರಿದ್ದರೆ, ಫೋನಿಕ್ಸ್ ಗೀನಿಕ್ಸ್ ತಲೆಕೆಡಿಸಿಕೊಳ್ಳದೆ ಸೇರಿಸಿ. ಡೈಪರ್ ಬಿಡಿಸಿದ ಮೇಲೇ ಬನ್ನಿ ಅಂತ ಹೇಳಿದರೆ ಅದು ನಿಮ್ಮ ಮಗಳ ಕೊರತೆಯಲ್ಲ, ಅವರ ಬಳಿ ಜನ ಕಡಿಮೆ ಇದ್ದಾರೆ ಅಂತ ಅರ್ಥ. ಎಷ್ಟೋ ಮಕ್ಕಳು ಡೈಪರ್ ಬಿಡುವುದು ಎರಡೂವರೆ ಮೂರು ವರ್ಷಕ್ಕೆ. ಹೊಸ ಜಾಗಕ್ಕೆ ಸೇರುವ ತಿಂಗಳಲ್ಲಂತೂ ಅದಕ್ಕೆ ಕೈ ಹಾಕಲೇಬೇಡಿ. ಬಾಗಿಲ ಮೇಲೆ ಮಾಂಟೆಸ್ಸರಿ ಅಂತ ಬರೆದಿದ್ದರೆ ಅದಕ್ಕೆ ಮಾರುಹೋಗಬೇಡಿ. ಆ ಹೆಸರನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದು. ಟೀಚರ್ ಎಲ್ಲಿ ತರಬೇತಿ ಪಡೆದರು ಅಂತ ಕೇಳಿದರೆ ಅರ್ಧ ವಿಷಯ ತಿಳಿಯುತ್ತೆ.

ಆಫೀಸ್ ಕ್ರೆಶ್. ಐವತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಕ್ರೆಶ್ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ನೋಡಬಹುದು ಅಂತ 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಕಾಯ್ದೆಯಿಂದ ಬಂದ ಹಕ್ಕಿದು. ಯಾರೋ ಕೊಟ್ಟ ಉಪಕಾರ ಅಂದುಕೊಳ್ಳಬೇಡಿ. ಊಟದ ಹೊತ್ತಿಗೆ ಹೋಗಿ ಬರಬಹುದು ಅನ್ನುವುದೇ ದೊಡ್ಡ ಸಮಾಧಾನ. ಆದರೆ ವಿದ್ಯಾರಣ್ಯಪುರದಿಂದ ವೈಟ್‌ಫೀಲ್ಡ್! ಸಂಜೆ ಹೆಬ್ಬಾಳ, ಔಟರ್ ರಿಂಗ್ ರೋಡ್ ದಾಟಿ ಬರುವಾಗ ದೊಡ್ಡವರಿಗೇ ಸಾಕಾಗುತ್ತೆ. ದಿನಾ ಎರಡೂವರೆ ಮೂರು ಗಂಟೆ ಕಾರಿನಲ್ಲಿ ಈ ವಯಸ್ಸಿನ ಮಗುವನ್ನು ಕೂರಿಸುವುದು ನನಗೆ ಸರಿ ಕಾಣುವುದಿಲ್ಲ. ಕೆಲಸ ಬದಲಾಯಿಸಿದ ದಿನ ಮಗುವಿನ ಜಾಗವೂ ಹೋಗುತ್ತೆ. ವಾರಕ್ಕೆ ಎರಡೇ ದಿನ ಆಫೀಸ್ ಇದ್ದರೆ ಇದು ನಡೆಯಬಹುದಿತ್ತು. ನೀವು ಅದನ್ನು ಬರೆದಿಲ್ಲ.

ಮನೆಗೇ ಹೆಂಗಸನ್ನು ಇಟ್ಟುಕೊಳ್ಳುವುದು. ಒಬ್ಬ ಮಗುವಿಗೆ ಒಬ್ಬರು, ಶೀತ ಕೆಮ್ಮು ಕಡಿಮೆ, ಬೆಳಗ್ಗೆ ಎಬ್ಬಿಸುವ ಅವಸರ ಇಲ್ಲ. ಆದರೆ ಮುಚ್ಚಿದ ಬಾಗಿಲ ಹಿಂದೆ ಒಂಬತ್ತು ಗಂಟೆ ನೋಡುವವರು ಇನ್ಯಾರೂ ಇರುವುದಿಲ್ಲ. ಅತ್ತೆ ಮನೆಯಲ್ಲೇ ಇದ್ದಿದ್ದರೆ ನಾನು ಇದನ್ನೇ ಮೊದಲು ಹೇಳುತ್ತಿದ್ದೆ. ಹಿರಿಯರೊಬ್ಬರು ಕೂತು ನೋಡುತ್ತಿದ್ದು, ಓಡಾಟದ ಕೆಲಸ ಇವರು ಮಾಡಿದರೆ ಅದಕ್ಕಿಂತ ಒಳ್ಳೆಯ ಏರ್ಪಾಡಿಲ್ಲ. ಯಾರೂ ಇಲ್ಲದಾಗ, ಮಾತು ಪೂರ್ತಿ ಬಾರದ ಮಗುವನ್ನು ಹೊಸಬರ ಹತ್ತಿರ ಬಿಡುವುದು ಕಷ್ಟ. "ಊರಲ್ಲಿ ಹಬ್ಬ ಅಕ್ಕ, ನಾಲ್ಕು ದಿನ ಬರಲ್ಲ" ಅಂದಾಗ ನಿಮ್ಮ ಹತ್ತಿರ ಬೇರೆ ದಾರಿಯೂ ಇರುವುದಿಲ್ಲ.

ಅಂಗನವಾಡಿಯನ್ನು ಮನೆಯವರು ಯಾಕೆ ಒಪ್ಪುವುದಿಲ್ಲ ಅಂತ ನೀವು ಬರೆದಿಲ್ಲ, ನನಗೆ ಗೊತ್ತು. 1975ರಲ್ಲಿ ಶುರುವಾದ ಈ ಯೋಜನೆಗೆ ಕರ್ನಾಟಕದಲ್ಲಿ ಮೊದಲು ಆರಿಸಿಕೊಂಡದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರವನ್ನು. ಇವತ್ತು ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಎಷ್ಟೋ ಕಡೆ ಅದೇ ಬಡಾವಣೆಯ ಹೆಂಗಸು ಹದಿನೈದು ಇಪ್ಪತ್ತು ವರ್ಷದಿಂದ ಕಾರ್ಯಕರ್ತೆಯಾಗಿರುತ್ತಾರೆ. ಬೀದಿಯ ಪ್ರತಿ ಮಗುವಿನ ಹೆಸರೂ ಅವರಿಗೆ ಗೊತ್ತಿರುತ್ತೆ. ನಾನು ಮೇಲೆ ಹೇಳಿದ "ಮುಖ ಬದಲಾಗಬಾರದು" ಅನ್ನುವ ಲೆಕ್ಕದಲ್ಲಿ ಅಂಗನವಾಡಿ ದುಬಾರಿ ಪ್ಲೇ ಸ್ಕೂಲಿಗಿಂತ ಮುಂದಿದೆ. ತೊಂದರೆ ಬೇರೆ ಕಡೆ ಇದೆ. ಶಾಲಾಪೂರ್ವ ಕಲಿಕೆ ಅಲ್ಲಿ ಮೂರರಿಂದ ಆರು ವರ್ಷದವರಿಗೆ, ನಿಮ್ಮ ಮಗಳಿಗೆ ಇನ್ನೂ ಎಂಟು ತಿಂಗಳಿದೆ. ಸಂಜೆ ಆರರವರೆಗೆ ಇಟ್ಟುಕೊಳ್ಳುವ ವ್ಯವಸ್ಥೆಯೂ ಅಲ್ಲ ಅದು. ಕೇಂದ್ರದ ಪಾಲನಾ ಯೋಜನೆಯಲ್ಲಿ ಕೆಲವು ಕಡೆ ಅಂಗನವಾಡಿ ಜೊತೆ ಕ್ರೆಶ್ ಕೂಡ ಇದೆ, ನಿಮ್ಮಲ್ಲಿದೆಯಾ ಅಂತ ಒಮ್ಮೆ ಕೇಳಿ. ಇನ್ನೊಂದು, ಕಾರ್ಯಕರ್ತೆಯ ತಲೆ ಮೇಲೆ ಸರ್ವೆ, ಮತದಾರರ ಪಟ್ಟಿ, ಆ್ಯಪ್‌ಗೆ ಫೋಟೊ ಹಾಕುವುದು ಅಂತ ನೂರೆಂಟು ಕೆಲಸ ಹೇರಿರುತ್ತಾರೆ. ಮಕ್ಕಳಿಗೆ ಉಳಿಯುವ ಸಮಯ ಕಡಿಮೆ. ಮೂರು ವರ್ಷ ತುಂಬಿದ ಮೇಲೆ ಬೆಳಗಿನ ಹೊತ್ತಿಗೆ ಅಂಗನವಾಡಿ, ಆಮೇಲೆ ಬೇರೆ ಏರ್ಪಾಡು ಅಂತ ಮಾಡಬಹುದು. ಹೋಗಿ ಒಂದು ಗಂಟೆ ಕೂತು ನೋಡಿ, ಆಮೇಲೆ ಬೇಡ ಅನ್ನಿ.

ಅತ್ತೆಯವರ ಜೊತೆ ಊರಿಗೆ ಕಳಿಸುವುದು. ಪ್ರೀತಿಯಿಂದ ಕೇಳುತ್ತಿದ್ದಾರೆ. ತೋಟ, ಕರು, ಅಜ್ಜ ಎಲ್ಲ ಸಿಗುತ್ತೆ. ಆದರೆ ಒಂದು ವರ್ಷ ಅಪ್ಪ ಅಮ್ಮನಿಂದ ದೂರ ಅಂದರೆ ಈ ವಯಸ್ಸಿಗೆ ಬಹಳ ಜಾಸ್ತಿ. ವಾಪಸ್ ಕರೆತಂದಾಗ ಅಜ್ಜಿಯಿಂದ ಬಿಡಿಸಿದ ಹಾಗಾಗಿ ಇನ್ನೊಮ್ಮೆ ಅದೇ ಸಂಕಟ. ಮಂಡಿನೋವಿನವರು ಓಡುವ ಮಗುವಿನ ಹಿಂದೆ ಹೋಗುವುದು ಹೇಗೆ ಅನ್ನುವುದೂ ಇದೆ. ಹಬ್ಬಕ್ಕೆ, ಬೇಸಿಗೆಗೆ ಹದಿನೈದು ದಿನ ಹೋಗಿ ಬರಲಿ, ಖುಷಿಯಾಗಿರುತ್ತಾಳೆ. ಇಡೀ ವರ್ಷಕ್ಕೆ ನಾನು ಬೇಡ ಅನ್ನುತ್ತೇನೆ.

ನೀವು ಬರೆಯದ ಒಂದು ದಾರಿಯೂ ಇದೆ. ಬಡಾವಣೆಗಳಲ್ಲಿ ಮನೆಯಲ್ಲೇ ಆರೆಂಟು ಮಕ್ಕಳನ್ನು ನೋಡಿಕೊಳ್ಳುವವರಿರುತ್ತಾರೆ. ಬೋರ್ಡ್ ಇರುವುದಿಲ್ಲ, ತರಕಾರಿ ಅಂಗಡಿಯಲ್ಲಿ, ಮಕ್ಕಳ ಡಾಕ್ಟರ ಹತ್ತಿರ ಕೇಳಿದರೆ ಗೊತ್ತಾಗುತ್ತೆ. ಒಳ್ಳೆಯವರು ಸಿಕ್ಕರೆ ನಿಮ್ಮ ಮಗಳ ವಯಸ್ಸಿಗೆ ಬಹಳ ಚೆನ್ನಾಗಿ ಹೊಂದುತ್ತೆ. ಮಕ್ಕಳು ಕಡಿಮೆ, ಮುಖ ಅದೇ, ಮನೆ ಊಟ, ಮನೆ ಮಾತು. ಅಪಾಯ ಏನೆಂದರೆ ಕೇಳುವವರಿಲ್ಲ, ನೋಂದಣಿ ಇಲ್ಲ, ಅವರಿಗೆ ಜ್ವರ ಬಂದರೆ ಬಾಗಿಲು ಬಂದ್. ಸಹಾಯಕ್ಕೆ ಇನ್ನೊಬ್ಬರಿದ್ದಾರಾ, ಮನೆಯಲ್ಲಿ ಬೇರೆ ಯಾರ್ಯಾರು ಇರುತ್ತಾರೆ, ಹಗಲು ಹೊತ್ತು ಯಾರು ಬಂದು ಹೋಗುತ್ತಾರೆ ಅಂತ ಸಂಕೋಚ ಇಲ್ಲದೆ ಕೇಳಿ. ಈಗ ಅಲ್ಲಿ ಮಕ್ಕಳನ್ನು ಬಿಡುತ್ತಿರುವ ಇಬ್ಬರು ತಾಯಂದಿರ ಜೊತೆ ಮಾತಾಡಿ.

ನಾನಾಗಿದ್ದರೆ ಮೊದಲು ಇಂಥ ಒಂದು ಮನೆ ಹುಡುಕುತ್ತಿದ್ದೆ. ಸಿಗದಿದ್ದರೆ ಹತ್ತಿರದ ಪ್ಲೇ ಸ್ಕೂಲಿನ ಡೇ ಕೇರ್, ಅದೂ ಮಧ್ಯಾಹ್ನ ಹೋಗಿ ನೋಡಿ ಮನಸ್ಸಿಗೆ ಬಂದರೆ ಮಾತ್ರ. ಗಂಟೆ ಕಡಿಮೆ ಮಾಡಲು ದಾರಿ ಹುಡುಕಿ. ನಿಮ್ಮ ಪತ್ರದಲ್ಲಿ ಯಜಮಾನರ ಆಫೀಸಿನ ಬಗ್ಗೆ ಒಂದು ಸಾಲೂ ಇಲ್ಲ. ಅವರು ಬೆಳಗ್ಗೆ ಒಂದು ಗಂಟೆ ತಡವಾಗಿ ಹೊರಟು, ನೀವು ಸಂಜೆ ಒಂದು ಗಂಟೆ ಮೊದಲು ಬಂದರೆ ಮಗಳು ಹತ್ತು ಗಂಟೆಯ ಬದಲು ಎಂಟು ಗಂಟೆ ಹೊರಗಿರುತ್ತಾಳೆ. ಎರಡು ಗಂಟೆ ಸಣ್ಣದಲ್ಲ.

ಸೇರಿಸುವ ಕ್ರಮ ಹೀಗಿರಲಿ. ಅತ್ತೆಯವರನ್ನು ಇನ್ನೂ ಎರಡು ಮೂರು ವಾರ ಇರಲು ಕೇಳಿಕೊಳ್ಳಿ. ಅವರು ಹೊರಟ ಮರುದಿನವೇ ಡೇ ಕೇರ್ ಶುರು ಮಾಡಿದರೆ ಮಗುವಿಗೆ ಎರಡು ಪೆಟ್ಟು ಒಟ್ಟಿಗೆ ಬೀಳುತ್ತೆ. ಮೊದಲ ಎರಡು ಮೂರು ದಿನ ಒಂದು ಗಂಟೆ, ನೀವೂ ಜೊತೆಗೆ. ಆಮೇಲೆ ಊಟದವರೆಗೆ, ಆಮೇಲೆ ನಿದ್ದೆಯವರೆಗೆ. ಅವಳ ಹಳೆಯ ಹೊದಿಕೆ, ನಿಮ್ಮ ದುಪಟ್ಟಾ ಒಂದು ಜೊತೆಗಿರಲಿ. ಬಿಡುವಾಗ ಕಣ್ಣು ತಪ್ಪಿಸಿ ಓಡಬೇಡಿ. ಹೀಗೆ ಒಮ್ಮೆ ಮಾಡಿದರೆ ಮನೆಯಲ್ಲೂ ನಿಮ್ಮ ಸೆರಗು ಬಿಡುವುದಿಲ್ಲ. "ಅಮ್ಮ ಆಫೀಸಿಗೆ ಹೋಗಿ, ನೀನು ಹಾಲು ಕುಡಿದ ಮೇಲೆ ಬರ್ತೀನಿ" ಅಂತ ಹೇಳಿ, ಮುತ್ತು ಕೊಟ್ಟು, ಹೊರಡಿ. ಗಂಟೆ ಲೆಕ್ಕ ಅವಳಿಗೆ ಗೊತ್ತಾಗುವುದಿಲ್ಲ, ಹಾಲಿನ ಲೆಕ್ಕ ಗೊತ್ತಾಗುತ್ತೆ. ಕೆಲವು ಮಕ್ಕಳು ಮೊದಲ ವಾರ ಹೊಸ ಆಟಿಕೆ ಖುಷಿಯಲ್ಲಿ ಅಳುವುದೇ ಇಲ್ಲ, ಎರಡನೇ ವಾರ ಶುರು ಮಾಡುತ್ತಾರೆ. ಅಲ್ಲಿ ದಿನವಿಡೀ ಚೆನ್ನಾಗಿದ್ದು ನಿಮ್ಮನ್ನು ಕಂಡ ಕೂಡಲೇ ರಚ್ಚೆ ಹಿಡಿಯುವುದೂ ಉಂಟು. ಎರಡೂ ಸಹಜ.

ಮೊದಲ ಆರು ತಿಂಗಳು ಶೀತ ಜ್ವರ ಪದೇ ಪದೇ ಬರುತ್ತೆ. ವರ್ಷಕ್ಕೆ ಎಂಟು ಹತ್ತು ಸಲ ಮೂಗು ಸೋರುವುದು ಈ ವಯಸ್ಸಿನಲ್ಲಿ, ಮಕ್ಕಳ ಗುಂಪಿನಲ್ಲಿ, ಮಾಮೂಲಿ. ಲಸಿಕೆ ಎಲ್ಲ ಹಾಕಿಸಿದೆಯಾ ನೋಡಿಕೊಳ್ಳಿ. ಇಬ್ಬರ ರಜೆಯನ್ನೂ ಈಗಲೇ ಉಳಿಸಿಟ್ಟುಕೊಳ್ಳಿ. ಜ್ವರ ಇದ್ದರೆ ಕರೆತರಬೇಡಿ ಅನ್ನುವ ಕೇಂದ್ರವನ್ನು ಬೈಯಬೇಡಿ, ಅದು ಒಳ್ಳೆಯ ಕೇಂದ್ರ.

ನಾಲ್ಕು ಆರು ವಾರ ಕಳೆದರೂ ಅಳು ಕಡಿಮೆಯಾಗದೆ, ಊಟ ಬಿಟ್ಟು, ರಾತ್ರಿ ಬೆಚ್ಚಿ ಎದ್ದು, ಒಬ್ಬ ನಿರ್ದಿಷ್ಟ ವ್ಯಕ್ತಿಯ ಹೆಸರು ಕೇಳಿದರೆ ಅಥವಾ ಬಚ್ಚಲಿಗೆ ಕರೆದರೆ ಹೆದರುತ್ತಿದ್ದರೆ, ಅಥವಾ ವಿವರಣೆ ಸಿಗದ ಗಾಯ ಕಂಡರೆ "ಅಡ್ಜಸ್ಟ್ ಆಗ್ತಾಳೆ" ಅಂತ ಕಾಯಬೇಡಿ. ಆ ದಿನವೇ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ. ಅನುಮಾನ ಗಟ್ಟಿಯಾಗಿದ್ದರೆ 1098 ಮಕ್ಕಳ ಸಹಾಯವಾಣಿಗೆ ಕರೆ ಮಾಡಿ. ಮಕ್ಕಳು ಕಚ್ಚುವುದು ಇದರಲ್ಲಿ ಸೇರುವುದಿಲ್ಲ. ಎರಡು ವರ್ಷದವರ ಗುಂಪಿನಲ್ಲಿ ಯಾರಾದರೂ ಯಾರನ್ನಾದರೂ ಕಚ್ಚೇ ಕಚ್ಚುತ್ತಾರೆ, ಒಂದು ದಿನ ನಿಮ್ಮ ಮಗಳೂ ಕಚ್ಚುತ್ತಾಳೆ.

ಕೊನೆಗೆ ದುಡ್ಡು. ಇಡೀ ವರ್ಷದ ಫೀಸು ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಅನ್ನುತ್ತಾರೆ. ಕಟ್ಟಬೇಡಿ. ಕಟ್ಟಿದ ಮೇಲೆ, ಜಾಗ ಸರಿಯಿಲ್ಲ ಅಂತ ಕಣ್ಣಿಗೆ ಕಂಡರೂ ಬಿಡಿಸಿಕೊಂಡು ಬರಲು ಮನಸ್ಸು ಒಪ್ಪುವುದಿಲ್ಲ. ತಿಂಗಳು ತಿಂಗಳು ಕಟ್ಟುತ್ತೇನೆ ಅನ್ನಿ, ಇಲ್ಲದಿದ್ದರೆ ಮೂರು ತಿಂಗಳಿಗೊಮ್ಮೆ. ಬಿಡಿಸುವುದಾದರೆ ಎಷ್ಟು ದಿನ ಮೊದಲು ಹೇಳಬೇಕು, ಎಷ್ಟು ವಾಪಸ್ ಕೊಡುತ್ತಾರೆ, ಸಂಜೆ ತಡವಾದರೆ ಗಂಟೆಗೆಷ್ಟು ಅನ್ನುವುದನ್ನು ಬರೆಸಿಕೊಂಡ ಮೇಲೇ ಸಹಿ ಹಾಕಿ.